ಕಲಾರಾಧಕರ ಕೌದಿ

ಕರಕುಶಲ ಮೇಳ ಎಲ್ಲಿ ನಡೆದರೂ ಕಲಾರಾಧಕರು ಅಲ್ಲಿರುತ್ತಾರೆ. ಖಾದಿ ಜುಬ್ಬಾ, ಹೆಗಲಿಗೆ ಬಟ್ಟೆ ಚೀಲ, ಮೂಗಿನ ತುದಿಗೆ ಕನ್ನಡಕ. ಸಾಮಾನು ಮುಟ್ಟುವ ಮೊದಲು ಒಂದು ಸಲ ಕಣ್ಣು ಮುಚ್ಚುತ್ತಾರೆ. ಅದನ್ನು ಕಂಡು ಹೊಸ ವ್ಯಾಪಾರಿಗಳು ಹಿಗ್ಗುತ್ತಾರೆ. ಹಳಬರು ಮಾತ್ರ ಎದ್ದುಹೋಗಿ ನೀರು ಕುಡಿದು ಬರುತ್ತಾರೆ. ಇನ್ನು ಮುಕ್ಕಾಲು ಗಂಟೆ ಬಿಡುವಿಲ್ಲ ಎಂದು ಅವರಿಗೆ ಗೊತ್ತು.

ನಮ್ಮ ಬಡಾವಣೆಯಲ್ಲೂ ಒಬ್ಬರಿದ್ದಾರೆ, ನಿವೃತ್ತ ಅಧಿಕಾರಿ. ಅವರ ಜೊತೆ ಮೇಳ ಸುತ್ತುವ ಭಾಗ್ಯ ನನ್ನದಾಗಿತ್ತು. ಧಾರವಾಡ ಕಡೆಯ ಹೆಂಗಸೊಬ್ಬರು ಕೌದಿ ಹರಡಿಕೊಂಡು ಕೂತಿದ್ದರು. ಒಂದು ಕೌದಿಯಂತೂ ನೋಡುವ ಹಾಗಿತ್ತು. ನಡುವೆ ಇಳಕಲ್ ಸೀರೆಯ ಸೆರಗು, ಸುತ್ತ ಮಾಸಿದ ಖಣದ ತುಂಡುಗಳು, ಅಡಿಗೆ ಒಗೆದೊಗೆದು ಮೆತ್ತಗಾದ ಧೋತರ. ಮೇಲಿಂದ ಕೆಳಗಿನವರೆಗೆ ಇಂಚಿಗೊಂದು ಸಾಲು ಬಿಳಿ ದಾರದ ಹೊಲಿಗೆ. ಒಂದು ಮೂಲೆಯಲ್ಲಿ ಬಿಳಿ ದಾರ ಮುಗಿದು ಕೆಂಪು ಶುರುವಾಗಿತ್ತು.

ಕಲಾರಾಧಕರಿಗೆ ಗೊತ್ತಿಲ್ಲದ್ದಿಲ್ಲ. ‘ನೋಡಿ ಮೇಡಂ, ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಹೆಂಗಸರದು ಬೇರೆ ರೀತಿ. ಅಂಚಿನಿಂದ ಶುರುಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರ್ತಾರೆ. ಮೂಲೆಗೆ ತ್ರಿಕೋನ ಮಡಿಸಿ ಫುಲಾ ಕೂರಿಸ್ತಾರೆ’ ಎಂದು, ಸೂಜಿ ಹಿಡಿದು ಬೆರಳು ಜಡ್ಡುಗಟ್ಟಿದವರಿಗೇ ಪಾಠ ಮಾಡಿದರು. ಅಲ್ಲಿಂದ ನೇರ ಅಮೆರಿಕಕ್ಕೆ ಹಾರಿದರು. ಅಲಬಾಮಾದ ಜೀಸ್ ಬೆಂಡ್ ಎಂಬಲ್ಲಿ ಕಪ್ಪು ಹೆಂಗಸರು ಹಳೇ ಡೆನಿಮ್ ಪ್ಯಾಂಟು ಕತ್ತರಿಸಿ ಹೊಲಿದ ಕೌದಿಗಳು 2002ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂ ಗೋಡೆ ಏರಿದ್ದು, 2006ರಲ್ಲಿ ಆ ದೇಶದ ಅಂಚೆಚೀಟಿಗಳಲ್ಲಿ ಬಂದದ್ದು, ಎಲ್ಲ ಹೇಳಿದರು. ಆಕೆ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಪೂರ್ತಿ ಕೇಳಿದರು. ಆಮೇಲೆ ಒಂದೇ ಪ್ರಶ್ನೆ: ‘ಅವ್ರು ಎಷ್ಟಕ್ಕ ಕೊಡ್ತಾರ್ರೀ ಸರ?’

ಕಲಾರಾಧಕರು ಕನ್ನಡಕ ಒರೆಸಿಕೊಂಡರು.

ಚೌಕಾಶಿ ಶುರುವಾಯಿತು. ಆಕೆ 3,500 ಅಂದಾಗ ‘ಮೇಡಂ’ ಆಗಿದ್ದರು. ಇವರು 2,500ಕ್ಕೆ ಕೇಳುವಾಗ ‘ಅಕ್ಕಾ’. 2,000ಕ್ಕೆ ಬಂದಾಗ ‘ಅಮ್ಮಾ’. ಸಾವಿರದ ಹತ್ತಿರ ಇಳಿದಾಗ ‘ನಮ್ಮವ್ವಾ’ ಎಂದು ದನಿಯೇ ಒದ್ದೆಯಾಯಿತು. ಇನ್ನೊಂದು ಐನೂರು ಇಳಿದಿದ್ದರೆ ತೊಡೆ ಮೇಲೆ ತಲೆಯಿಟ್ಟು ಮಲಗುತ್ತಿದ್ದರೇನೋ.

‘ಬಟ್ಟೆ ಹಳೇದು, ಅದಕ್ಕೆ ದುಡ್ಡಿಲ್ಲ. ದಾರಕ್ಕೆಷ್ಟು, ನೂರು? ಹೊಲಿದದ್ದು ಮನೇಲಿ. ಬಾಡಿಗೆಯಿಲ್ಲ, ಕರೆಂಟಿಲ್ಲ. ಪಾಣಿಪತ್ ಬ್ಲಾಂಕೆಟ್ ಇದರ ಕಾಲುಭಾಗಕ್ಕೆ ಸಿಗುತ್ತೆ.’ ಈ ಪಟ್ಟಿಯಲ್ಲಿ ಆಕೆಯ ಕೈ ಎಲ್ಲೂ ಬರಲಿಲ್ಲ. ಎಷ್ಟು ದಿನ ಹಿಡಿಯಿತು ಎಂದು ನಾನೇ ಕೇಳಿದೆ. ‘ಹತ್ತು ದಿನಾ ಆತ್ರಿ, ಮುಂಜಾನಿಂದ ಸಂಜೀತನಕ. ಖಾಲಿ ಕುಂತು ಏನ್ ಮಾಡೂದು ಅಂತ ಹೊಲದದ್ದು’ ಎಂದುಬಿಟ್ಟರು. ಮುಗಿಯಿತು. ಮಾರುವವರದೂ ಇದೊಂದು ರೋಗ. ಬೆನ್ನು ಮುರಿದು ದುಡಿದದ್ದನ್ನು ಬಿಡುವಿನ ಲೆಕ್ಕಕ್ಕೆ ಬರೆದುಕೊಳ್ಳುತ್ತಾರೆ. ಕಲಾರಾಧಕರು ಆ ‘ಖಾಲಿ’ಯನ್ನು ಗಟ್ಟಿಯಾಗಿ ಹಿಡಿದುಕೊಂಡು 1,200ಕ್ಕೆ ವ್ಯಾಪಾರ ಕುದುರಿಸಿದರು. ಬಿಲ್ಲು ಬರೆಯಹೋದರೆ, ‘ನಮ್ಮ ನಮ್ಮಲ್ಲಿ ಎಂಥ ಬಿಲ್ಲು ಅವ್ವಾ’ ಎಂದು ತಡೆದರು. ಜೊತೆಗೊಂದು ಸೆಲ್ಫಿ, ನಂಬರು, ‘ಈ ಕಲೆ ಉಳೀಬೇಕು’ ಎಂಬ ಆಶೀರ್ವಾದ.

ಮನೆಗೆ ಬಂದದ್ದೇ ಕೌದಿ ಗೋಡೆ ಏರಿತು. ಡಿಸೆಂಬರಿನ ಚಳಿಗೆ ಹೊದೆಯೋಣವೆಂದು ಹೆಂಡತಿ ಕೇಳಿದ್ದಕ್ಕೆ, ಮ್ಯೂಸಿಯಂ ಪೀಸನ್ನು ಯಾರಾದರೂ ಹೊದೆಯುತ್ತಾರೆಯೇ ಎಂದು ಗದರಿದರಂತೆ. ಅತಿಥಿಗಳು ರೇಟು ಕೇಳಿದರೆ ಮುಗುಳ್ನಗೆ, ಅಷ್ಟೇ ಉತ್ತರ.

ಮೊನ್ನೆ ಅವರು ಮನೆ ಬದಲಿಸಿದರು. ಸಾಮಾನು ಸಾಗಿಸಿದವರು ಎಲ್ಲ ತಲುಪಿಸಿ ಕೌದಿಯೊಂದನ್ನು ಎಲ್ಲೋ ಕಳೆದರು. ಕಲಾರಾಧಕರು ರಾತ್ರಿಯೆಲ್ಲ ಕೂತು ಪರಿಹಾರದ ಅರ್ಜಿ ಬರೆದರು. ನನಗೂ ತೋರಿಸಿದರು. ‘ಉದ್ದ 7 ಅಡಿ, ಅಗಲ 5 ಅಡಿ. ಇಂಚಿಗೊಂದರಂತೆ 60 ಸಾಲು, ಒಟ್ಟು 420 ಅಡಿ. ಇಂಚಿಗೆ ಮೂರರಂತೆ ಸುಮಾರು 15,000 ಹೊಲಿಗೆ, ಸಮಸ್ತವೂ ಕೈಯಿಂದ. ಹತ್ತು ದಿನಗಳ ಪೂರ್ಣಾವಧಿ ದುಡಿಮೆ. 2025-26ರಲ್ಲಿ ಕರ್ನಾಟಕದ ನರೇಗಾ ದಿನಗೂಲಿಯೇ 370 ರೂಪಾಯಿ ಇರುವಾಗ, ನುರಿತ ಕೈಗೆ ಕನಿಷ್ಠ ಅದರ ಎರಡು ಪಟ್ಟು ಸಲ್ಲಬೇಕು: 7,400. ಬಟ್ಟೆ, ದಾರ, ಬಣ್ಣ ಹೊಂದಿಸಿದ ಜಾಣ್ಮೆ, ಮೇಳಕ್ಕೆ ಬಂದುಹೋದ ಬಸ್ ಚಾರ್ಜು ಸೇರಿ ಒಟ್ಟು 9,000.’

ಕೌದಿಗೆ ಇಷ್ಟು ನ್ಯಾಯವಾಗಿ ಬೆಲೆ ಕಟ್ಟಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಬಸ್ ಚಾರ್ಜನ್ನು ಕೂಡ ಮರೆತಿರಲಿಲ್ಲ, ಪುಣ್ಯಾತ್ಮ!

ಕಂಪನಿಯಿಂದ ಒಂದೇ ಸಾಲಿನ ಉತ್ತರ: ಖರೀದಿಯ ಬಿಲ್ಲು ಲಗತ್ತಿಸಿ.

ಕಲಾರಾಧಕರು ನನ್ನೆದುರೇ ಫೋನು ಹಚ್ಚಿದರು, ಸ್ಪೀಕರ್ ಹಾಕಿ. ‘ನಮ್ಮವ್ವಾ, ಚೆನ್ನಾಗಿದೀಯಾ? ಆ ಕೌದಿಗೆ ಒಂದು ಬಿಲ್ಲು ಬೇಕಿತ್ತು. 9,000ಕ್ಕೆ ಬರೆದು ಕಳಿಸಿಬಿಡು.’

‘ಅದಕ್ಕೇನ್ರೀ ಸರ, ಈಗ ಬರದ ಕಳಸ್ತೇನಿ’ ಎಂದರು ಆಕೆ. ‘ಬಾಕಿ 7,800 ಫೋನ್‌ಪೇ ಮಾಡ್ರಿ.’