ತೂಕಡಿಕೆಗೂ ಒಂದು ಮರ್ಯಾದೆ

ಸೋಮಾರಿಯನ್ನು ಬೈಯುವುದರಲ್ಲಿ ಮಾತ್ರ ನಾವು ಯಾರೂ ಸೋಮಾರಿಗಳಲ್ಲ. ಮೈಗಳ್ಳ, ಕುಂಭಕರ್ಣ, ಕೂತಲ್ಲೇ ಬೇರುಬಿಟ್ಟವನು ಎಂದು ಬಿರುದು ಕೊಡುವಾಗ ನಮ್ಮ ಉತ್ಸಾಹ ನೋಡಬೇಕು. ಬೈಗುಳಕ್ಕೆ ಎದ್ದವನು ಕೆಲಸಕ್ಕೆಂದು ಎದ್ದಿರುವುದಿಲ್ಲ, ಬೈದವರ ಕಣ್ಣು ತಪ್ಪಿಸಲು ಎದ್ದಿರುತ್ತಾನೆ. ಆಚೆ ಕೋಣೆಯಲ್ಲಿ ಮತ್ತೆ ಒರಗುತ್ತಾನೆ. ಬುದ್ಧನ ಲೆಕ್ಕ ಬೇರೆ. ಪಾಲಿ ಭಾಷೆಯಲ್ಲಿ ಈ ಮೈಗಳ್ಳತನಕ್ಕೆ ಥೀನ-ಮಿದ್ಧ ಎಂದು ಹೆಸರು: ಜಡತೆ ಮತ್ತು ಜೋಂಪು. ಧ್ಯಾನಕ್ಕೆ ಅಡ್ಡ ಬರುವ ಐದು ನೀವರಣಗಳಲ್ಲಿ ಇದು ಮೂರನೆಯದು. ಇದು ಹಿಡಿದ ಮನಸ್ಸನ್ನು ಪಾಚಿ ಮುಚ್ಚಿದ ನೀರಿಗೆ ಹೋಲಿಸಿದ್ದಾರೆ. ಬಗ್ಗಿ ನೋಡಿದರೆ ಮುಖ ಕಾಣದು. ಪಾಚಿಯನ್ನು ಬೈದು ಓಡಿಸಿದವರುಂಟೆ? ಕೈಯಲ್ಲಿ ಮೆಲ್ಲಗೆ ಸರಿಸಬೇಕು, ಅಷ್ಟೆ.

ಸರಿಸುವ ಬಗೆ ಅಂಗುತ್ತರ ನಿಕಾಯ ಎಂಬ ಬೌದ್ಧ ಗ್ರಂಥದ ಒಂದು ಸುತ್ತದಲ್ಲಿ, ಅಂದರೆ ಉಪದೇಶದಲ್ಲಿ ಇದೆ. ಮಗಧದ ಹಳ್ಳಿಯೊಂದರಲ್ಲಿ ಧ್ಯಾನಕ್ಕೆ ಕುಳಿತ ಮೊಗ್ಗಲ್ಲಾನ ತೂಕಡಿಸುತ್ತಿದ್ದ. ಮುಂದೆ ಸಾರಿಪುತ್ತನ ಜೊತೆ ಬುದ್ಧನ ಇಬ್ಬರು ಅಗ್ರಶಿಷ್ಯರಲ್ಲಿ ಒಬ್ಬನಾದವನೇ ಹೀಗೆ ತೂಕಡಿಸುತ್ತಿದ್ದನೆಂದರೆ ನಮ್ಮ ನಿಮ್ಮದು ಯಾವ ಲೆಕ್ಕ! ಬುದ್ಧ ಗದರಲಿಲ್ಲ, ಉಪಾಯಗಳನ್ನು ಹೇಳಿಕೊಟ್ಟ. ಯಾವ ಯೋಚನೆ ಜೋಂಪು ತರುತ್ತದೋ ಅದನ್ನು ಬಿಡು. ಆಗಲಿಲ್ಲವೇ, ಕೇಳಿದ ಧರ್ಮವನ್ನು ಮನನ ಮಾಡು. ಇಲ್ಲವೇ ಗಟ್ಟಿಯಾಗಿ ಪಠಿಸು. ಆಮೇಲೆ ಎರಡೂ ಕಿವಿ ಎಳೆದುಕೊಂಡು ಕೈಕಾಲು ತಿಕ್ಕಿಕೋ. ನಮ್ಮ ಮೇಷ್ಟರುಗಳು ಇದೊಂದನ್ನು ಮಾತ್ರ ಚೆನ್ನಾಗಿ ಕಲಿತರು, ಕಿವಿ ಯಾರದೆಂಬುದನ್ನು ಮರೆತರು. ಅದಕ್ಕೂ ಜಗ್ಗದಿದ್ದರೆ ಎದ್ದು ಕಣ್ಣಿಗೆ ನೀರು ಹಾಕಿಕೊಂಡು ನಕ್ಷತ್ರಗಳನ್ನು ನೋಡು, ಮನಸ್ಸಿನಲ್ಲಿ ಬೆಳಕನ್ನು ನೆನೆ, ಅತ್ತಿತ್ತ ನಡೆದಾಡು. ಏಳೂ ಸೋತರೆ ಎಂಟನೆಯದು: ಬಲಮಗ್ಗುಲಾಗಿ ಮಲಗಿಬಿಡು.

ಮೆತ್ತಗೆ ಹೇಳಿದರೆ ಸೋಮಾರಿ ನೆತ್ತಿಗೇರುತ್ತಾನೆ ಎಂಬ ಆಕ್ಷೇಪ ಇಲ್ಲಿ ಏಳುತ್ತದೆ, ಎಂಟನೆಯದರಿಂದಲೇ ಶುರುಮಾಡುವ ಜಾಣರು ಇರುವುದೂ ನಿಜ. ಆದರೆ ಆ ಮಲಗುವಿಕೆಗೂ ಕರಾರುಂಟು: ಏಳುವ ಸಂಕಲ್ಪ ಮಾಡಿ ಅರಿವಿನಿಂದ ಮಲಗಬೇಕು, ಎಚ್ಚರವಾದೊಡನೆ ಹಾಸಿಗೆಯ ಸುಖಕ್ಕೆ ಸೋಲದೆ ಏಳಬೇಕು. ಅಲಾರಂ ಅನ್ನು ಐದು ಸಲ ತಟ್ಟಿ ಮಲಗಿಸುವವರಿಗೆ ಇದು ಬೈಗುಳಕ್ಕಿಂತ ಕಠಿಣ. ಛಲ ಹಿಡಿದರೆ ಜಡತೆ ಸೋಲದೇ ಎನ್ನುವವರಿಗೆ ಸೋಣನ ಕಥೆಯಿದೆ. ಸಿರಿವಂತರ ಮನೆಯ ಆ ಮಗ ಭಿಕ್ಷುವಾಗಿ, ಅಂಗಾಲು ಒಡೆದು ರಕ್ತ ಸುರಿಯುವಷ್ಟು ನಡೆದಾಡಿ ಧ್ಯಾನಿಸಿದ. ದಕ್ಕಿದ್ದು ಬೇಸರ, ಸಂಸಾರಕ್ಕೆ ಮರಳುವ ಯೋಚನೆ. ವೀಣೆ ಬಲ್ಲ ಅವನಿಗೆ ಬುದ್ಧ ತಂತಿಯನ್ನೇ ನೆನಪಿಸಿದ: ಬಿಗಿದರೂ ನಾದವಿಲ್ಲ, ಸಡಿಲಿಸಿದರೂ ನಾದವಿಲ್ಲ.

ಇಷ್ಟಕ್ಕೂ ಎಲ್ಲ ಸುಸ್ತೂ ಮನಸ್ಸಿನದಲ್ಲ. ರಕ್ತಹೀನತೆ, ಥೈರಾಯ್ಡ್, ಖಿನ್ನತೆ ಇವಕ್ಕೆ ಕಿವಿ ಎಳೆದು ಫಲವಿಲ್ಲ. ವಾರಗಟ್ಟಲೆ ಬಿಡದ ಆಯಾಸಕ್ಕೆ ವೈದ್ಯರೇ ಬೇಕು. ಉಳಿದ ದಿನಗಳ ಮಂಕಿಗೆ ಬುದ್ಧನ ಸತಿಪಟ್ಠಾನ ಸುತ್ತ ಮೊದಲು ಕೇಳುವುದು ಇಷ್ಟೇ: ಜಡತೆ ಇದ್ದರೆ ಇದೆ ಎಂದು ತಿಳಿ, ಇಲ್ಲದಿದ್ದರೆ ಇಲ್ಲ ಎಂದು ತಿಳಿ. ನಾಳೆ ಮುದ್ದೆ ಉಂಡ ಮಧ್ಯಾಹ್ನ ರೆಪ್ಪೆ ಎಳೆದಾಗ ನಿಮ್ಮನ್ನು ನೀವೇ ಶಪಿಸಿಕೊಳ್ಳಬೇಡಿ. ಎದ್ದು ಮುಖಕ್ಕೆ ತಣ್ಣೀರು ಹಾಕಿ. ಎಂಟನೆಯ ಉಪಾಯ ಎಲ್ಲಿಗೂ ಓಡಿಹೋಗುವುದಿಲ್ಲ.