ಬ್ರೌಸರ್ ಬದಲಿಸುವ ಯಜಮಾನರು

ಬ್ರೌಸರ್ ಬದಲಿಸುವ ಯಜಮಾನರು ಸಾಮಾನ್ಯವಾಗಿ ಹಾಲ್‌ನ ಮೂಲೆಯಲ್ಲಿ, ಕಂಪ್ಯೂಟರ್ ಟೇಬಲ್ಲಿನ ಮುಂದೆ ಕಾಣಸಿಗುತ್ತಾರೆ. ವಯಸ್ಸು ಐವತ್ತೈದು ದಾಟಿರುತ್ತದೆ. ಬ್ಯಾಂಕಿನಿಂದಲೋ ವಿಮಾ ಕಚೇರಿಯಿಂದಲೋ ಹೈಸ್ಕೂಲಿನಿಂದಲೋ ನಿವೃತ್ತರಾದವರು, ಇಲ್ಲವೇ ನಿವೃತ್ತಿಯ ದಿನ ಎಣಿಸುತ್ತಿರುವವರು. ಮೈಸೂರಿನ ಕುವೆಂಪುನಗರ, ಬೆಂಗಳೂರಿನ ಜಯನಗರ, ಹುಬ್ಬಳ್ಳಿಯ ವಿದ್ಯಾನಗರದಂಥ ಬಡಾವಣೆಗಳಲ್ಲಿ ರಸ್ತೆಗೊಬ್ಬರಾದರೂ ಇರುತ್ತಾರೆ. ಗುರುತಿಸುವುದು ಕಷ್ಟವಿಲ್ಲ. ಇವರ ಕಂಪ್ಯೂಟರ್ ಪರದೆಯ ಕೆಳಗಿನ ಪಟ್ಟಿಯಲ್ಲಿ ಕ್ರೋಮ್, ಫೈರ್‌ಫಾಕ್ಸ್, ಎಡ್ಜ್, ಒಪೆರಾ, ಬ್ರೇವ್ ಐದೂ ಸಾಲಾಗಿ ಕೂತಿರುತ್ತವೆ. ಈ ಐದರಲ್ಲಿ ಯಾವುದನ್ನು ಒತ್ತಬೇಕು ಎಂಬುದು ಮನೆಯ ಉಳಿದವರಿಗೆ ಗೊತ್ತಿರುವುದಿಲ್ಲ. ಹೋದ ವಾರ ಸರಿಯಾಗಿದ್ದ ಉತ್ತರ ಈ ವಾರ ತಪ್ಪಾಗಿರುತ್ತದೆ.

ಬದಲಾವಣೆಗೆ ಇವರು ಕೊಡುವ ಕಾರಣ ‘ಯಾಕೋ ತುಂಬಾ ಸ್ಲೋ ಆಗಿದೆ’ ಎಂಬುದು. ಸ್ಲೋ ಆಗಿರುವುದು ಯಾವುದು ಎಂಬ ವಿಚಾರಣೆ ನಡೆಯುವುದಿಲ್ಲ. ರೂಟರ್ ಕಬ್ಬಿಣದ ಬೀರುವಿನ ಹಿಂದೆ, ಹಳೆಯ ಸೂಟ್‌ಕೇಸುಗಳ ನಡುವೆ ಅಡಗಿರುತ್ತದೆ. ಕಂಪ್ಯೂಟರ್ ಮಗ ಇಂಜಿನಿಯರಿಂಗ್ ಓದುವಾಗ ಕೊಂಡದ್ದು. ಆ ಮಗನಿಗೆ ಈಗ ಶಾಲೆಗೆ ಹೋಗುವ ಮಗಳಿದ್ದಾಳೆ. ಒಳಗಿರುವುದು ನಾಲ್ಕು ಜಿಬಿ ರ‍್ಯಾಮ್, ಗರಗರ ತಿರುಗುವ ಹಾರ್ಡ್ ಡಿಸ್ಕ್, ಜೊತೆಗೆ ಒಂದನ್ನೊಂದು ಅನುಮಾನದಿಂದ ನೋಡುವ ಎರಡು ಆಂಟಿವೈರಸ್. ಇಷ್ಟಿದ್ದೂ ಶಿಕ್ಷೆಯಾಗುವುದು ಬ್ರೌಸರ್‌ಗೆ. ಈ ತೀರ್ಪಿನಲ್ಲಿ ಲೆಕ್ಕಾಚಾರ ಇಲ್ಲದಿಲ್ಲ. ರ‍್ಯಾಮ್ ಹಾಕಿಸಲು ದುಡ್ಡು ಬೇಕು, ಸಿಪಿಯು ಹೊತ್ತುಕೊಂಡು ಅಂಗಡಿಗೆ ಹೋಗಬೇಕು. ಬ್ರೌಸರ್ ಬಿಟ್ಟಿ ಸಿಗುತ್ತದೆ, ಕೂತಲ್ಲೇ ಸಿಗುತ್ತದೆ.

ಈ ವರ್ಗದ ಹಿರಿಯರ ಚರಿತ್ರೆ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಕಾಲದಿಂದ ಶುರುವಾಗುತ್ತದೆ. ಅದಕ್ಕೂ ಮೊದಲು ನೆಟ್‌ಸ್ಕೇಪ್ ಬಳಸಿದವರು ಅಲ್ಲಲ್ಲಿ ಇದ್ದಾರೆ, ಹಾಗೂ ಅದನ್ನು ಎದುರಿಗಿದ್ದವರಿಗೆ ಹೇಳದೆ ಬಿಡುವುದಿಲ್ಲ. ಎಕ್ಸ್‌ಪ್ಲೋರರ್‌ನ 6ನೇ ಆವೃತ್ತಿ ಬಂದದ್ದು 2001ರಲ್ಲಿ, 7ನೆಯದು 2006ರ ಅಕ್ಟೋಬರಿನಲ್ಲಿ. ನಡುವಿನ ಐದು ವರ್ಷ ಮೈಕ್ರೋಸಾಫ್ಟ್ ಹೆಚ್ಚುಕಡಿಮೆ ನಿದ್ದೆ ಹೊಡೆಯಿತು, ವೈರಸ್ಸುಗಳು ಎಚ್ಚರವಾಗಿದ್ದವು. 2004ರ ನವೆಂಬರ್ 9ರಂದು ಫೈರ್‌ಫಾಕ್ಸ್ 1.0 ಬಂದಾಗ, ಒಂದೇ ಕಿಟಕಿಯಲ್ಲಿ ಹಲವು ಟ್ಯಾಬ್ ತೆರೆಯಬಹುದು, ಮೇಲೆ ಬಂದು ಬೀಳುವ ಜಾಹೀರಾತುಗಳನ್ನು ತಡೆಯಬಹುದು ಎಂಬುದು ನಿಜವಾದ ಸುಖವಾಗಿತ್ತು. ಇವರ ಎಲ್ಲ ಬದಲಾವಣೆಗಳಲ್ಲಿ ನ್ಯಾಯವಾಗಿ ಸಮರ್ಥಿಸಿಕೊಳ್ಳಬಹುದಾದದ್ದು ಅದು. ಮುಂದಿನವೆಲ್ಲ ಆ ಮೊದಲ ರುಚಿಯ ನೆನಪಿನಲ್ಲಿ ನಡೆದವು.

ಆಗ ಬ್ರೌಸರ್ ಬದಲಿಸುವುದಕ್ಕೆ ದೇಹಶ್ರಮವೂ ಬೇಕಿತ್ತು. ಐದು ಎಂಬಿಯೂ ಇಲ್ಲದ ಫೈರ್‌ಫಾಕ್ಸ್ ಫೋನ್ ಲೈನಿನಲ್ಲಿ ಇಳಿದು ಬರಲು ಕಾಲು ಗಂಟೆಗೆ ಮೇಲಾಗುತ್ತಿತ್ತು. ಅಷ್ಟು ಹೊತ್ತೂ ಮನೆಗೆ ಫೋನ್ ಮಾಡಿದವರಿಗೆಲ್ಲ ಎಂಗೇಜ್ ಟೋನ್. ಮುಂದೆ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಬಂತು. ರಾತ್ರಿ ಎರಡರಿಂದ ಬೆಳಿಗ್ಗೆ ಎಂಟರವರೆಗಿನ ಡೌನ್‌ಲೋಡ್ ಲೆಕ್ಕಕ್ಕೆ ಬಾರದ ಪ್ಲಾನು ಅದರಲ್ಲಿತ್ತು. ಯಜಮಾನರು ಎರಡು ಗಂಟೆಗೆ ಅಲಾರಂ ಇಟ್ಟು ಎದ್ದು, ಹೊಸ ಆವೃತ್ತಿಯನ್ನು ಇಳಿಯಲು ಹಚ್ಚಿ, ಪಕ್ಕದಲ್ಲೇ ಕುರ್ಚಿಯಲ್ಲಿ ತೂಕಡಿಸುತ್ತಿದ್ದರು. ಅಷ್ಟು ಹೊತ್ತಿಗೆ ಏಳುವುದು ಆ ಬೀದಿಯ ಉಳಿದವರು ವೈಕುಂಠ ಏಕಾದಶಿಗೆ ಮಾತ್ರ.

ಫೈರ್‌ಫಾಕ್ಸ್ ಬಂದರೂ ಎಕ್ಸ್‌ಪ್ಲೋರರನ್ನು ಪೂರ್ತಿ ಬಿಡಲಾಗುತ್ತಿರಲಿಲ್ಲ. ಕನ್ನಡದ ಹಲವು ತಾಣಗಳು ಯೂನಿಕೋಡ್‌ಗೆ ಬರುವ ಮುನ್ನ ತಮ್ಮದೇ ಫಾಂಟ್ ಬಳಸುತ್ತಿದ್ದವು. ಅವುಗಳಲ್ಲಿ ಕೆಲವು ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ ಕನ್ನಡವಾಗಿ, ಉಳಿದೆಡೆ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರವಾಗಿ ಕಾಣುತ್ತಿದ್ದವು. ಸರ್ಕಾರಿ ತಾಣಗಳ ಅಡಿಯಲ್ಲಿ ‘ಎಕ್ಸ್‌ಪ್ಲೋರರ್‌ನಲ್ಲಿ ನೋಡಿದರೆ ಚೆನ್ನ’ ಎಂಬ ಸಾಲು ಬಹುಕಾಲ ಇತ್ತು. ಹೀಗಾಗಿ ಯಜಮಾನರು ಪೇಪರ್ ಓದುವುದಕ್ಕೊಂದು, ಅರ್ಜಿ ಹಾಕುವುದಕ್ಕೊಂದು, ಅಭಿಮಾನಕ್ಕೊಂದು ಬ್ರೌಸರ್ ಇಟ್ಟುಕೊಳ್ಳುವ ಅಭ್ಯಾಸ ಬೆಳೆಸಿಕೊಂಡರು. 2022ರ ಜೂನ್ 15ರಂದು ಎಕ್ಸ್‌ಪ್ಲೋರರ್ 11 ನಿವೃತ್ತಿಯಾದಾಗ ಕಾರಣಗಳು ಹೋದವು, ಅಭ್ಯಾಸ ಉಳಿಯಿತು.

2008ರ ಸೆಪ್ಟೆಂಬರಿನಲ್ಲಿ ಕ್ರೋಮ್ ಬಂದಾಗ ಇವರು ಮೊದಲ ವಾರವೇ ಹಾಕಿಕೊಂಡರು. 2010ರಲ್ಲಿ ಬೆಂಗಳೂರಿನ ಹಿಡನ್ ರಿಫ್ಲೆಕ್ಸ್ ಎಂಬ ಕಂಪನಿ ಫೈರ್‌ಫಾಕ್ಸ್ ಬುನಾದಿಯ ಮೇಲೆ ಎಪಿಕ್ ಎಂಬ ಬ್ರೌಸರ್ ಹೊರತಂದಿತು. ಭಾರತೀಯ ಭಾಷೆಗಳಲ್ಲಿ ಟೈಪಿಸುವ ಸೌಲಭ್ಯ ಅದರೊಳಗೇ ಇತ್ತು. ಸ್ವದೇಶಿ, ಅದರಲ್ಲೂ ನಮ್ಮ ಬೆಂಗಳೂರಿನದು ಎಂದು ಯಜಮಾನರು ನೆಂಟರಿಷ್ಟರ ಮನೆಗಳಲ್ಲೆಲ್ಲ ಅದನ್ನು ಪ್ರತಿಷ್ಠಾಪಿಸಿ ಬಂದರು. 2013ರಲ್ಲಿ ಎಪಿಕ್ ತನ್ನ ಬುನಾದಿಯನ್ನೇ ಬದಲಿಸಿ, ಖಾಸಗಿತನ ಕಾಪಾಡುವ ಬ್ರೌಸರ್ ಆಗಿ ಹೊಸ ಅವತಾರ ಎತ್ತಿತು. ಅಷ್ಟರಲ್ಲಿ ಯಜಮಾನರು ಒಪೆರಾಗೆ ಹೋಗಿಯಾಗಿತ್ತು. ನೆಂಟರ ಕಂಪ್ಯೂಟರುಗಳಲ್ಲಿ ಮಾತ್ರ ಹಳೆಯ ಎಪಿಕ್ ಹಾಗೇ ಉಳಿಯಿತು, ತೆಗೆಯುವುದು ಹೇಗೆಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಹೊಸ ಬ್ರೌಸರ್ ಮೊದಲ ವಾರ ಚುರುಕಾಗಿ ಓಡುತ್ತದೆ ಎಂಬುದು ಭ್ರಮೆಯಲ್ಲ. ಸಾಮಾನು ಬರುವ ಮುನ್ನ ಯಾವ ಬಾಡಿಗೆ ಮನೆಯೂ ವಿಶಾಲವಾಗಿಯೇ ಕಾಣುತ್ತದೆ. ಹಳೆಯದರಲ್ಲಿ ನಲವತ್ತು ಟ್ಯಾಬ್ ತೆರೆದಿರುತ್ತವೆ, ಎಂದೋ ಹಾಕಿಕೊಂಡ ಎಕ್ಸ್‌ಟೆನ್ಷನ್‌ಗಳು ಹಿಂದೆ ಕೂತು ಕೆಲಸ ಮಾಡುತ್ತಿರುತ್ತವೆ, ‘ನಿಮಗೆ ಸೂಚನೆ ಕಳಿಸಲೇ’ ಎಂದು ಕೇಳಿದ ತಾಣಗಳಿಗೆಲ್ಲ ಹೂಂ ಅಂದಿರುತ್ತಾರೆ. ಕ್ರೋಮ್ ಮೊದಲಿನಿಂದಲೂ ಟ್ಯಾಬ್‌ಗಳನ್ನು ಬೇರೆ ಬೇರೆ ಪ್ರೊಸೆಸ್‌ಗಳಾಗಿ ನಡೆಸುತ್ತದೆ. ಒಂದು ಕೆಟ್ಟರೆ ಉಳಿದವು ಬದುಕಿಕೊಳ್ಳಲಿ ಎಂಬುದು ಅದರ ಉದ್ದೇಶ; ಅದಕ್ಕೆ ತೆರುವ ಬೆಲೆ ರ‍್ಯಾಮ್. ಇವನ್ನೆಲ್ಲ ಮುಚ್ಚಿ, ತೆಗೆದು, ಒರೆಸಿದರೆ ಹಳೆಯ ಬ್ರೌಸರೂ ಹೊಸದರಂತೆ ಓಡುತ್ತದೆ. ಆದರೆ ಗುಡಿಸಿದ ಕೆಲಸದಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇರುವುದಿಲ್ಲ. ‘ನಾನು ಬ್ರೇವ್‌ಗೆ ಶಿಫ್ಟ್ ಆದೆ ಸಾರ್’ ಎಂದು ಬೆಳಗಿನ ವಾಕಿಂಗ್‌ನಲ್ಲಿ ಹೇಳಬಹುದು. ‘ನಲವತ್ತು ಟ್ಯಾಬ್ ಮುಚ್ಚಿದೆ ಸಾರ್’ ಎಂದು ಹೇಳಲಾಗುವುದಿಲ್ಲ.

ಸ್ಥಳಾಂತರ ನಡೆಯುವುದು ಭಾನುವಾರ, ಬೆಳಗಿನ ಎರಡನೇ ಕಾಫಿಯ ನಂತರ. ಹೊಸ ಬ್ರೌಸರ್ ತೆರೆದ ಕೂಡಲೇ ಹಳೆಯದರಿಂದ ಏನೇನು ತರಬೇಕೆಂದು ಕೇಳುತ್ತದೆ: ಬುಕ್‌ಮಾರ್ಕ್, ಹಿಸ್ಟರಿ, ಪಾಸ್‌ವರ್ಡ್. ಎರಡು ಗುಂಡಿ ಒತ್ತಿದರೆ ಮುಗಿಯುವ ಕೆಲಸ ಇದು. ಯಜಮಾನರಿಗೆ ಗುಂಡಿಯ ಮೇಲೆ ನಂಬಿಕೆ ಇಲ್ಲ. ಅವರು ಎಲ್ಲವನ್ನೂ ಫೈಲ್ ಮಾಡಿಕೊಂಡು ಸಾಗಿಸುತ್ತಾರೆ. ಬುಕ್‌ಮಾರ್ಕ್‌ಗಳ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿದವರಿಗೆ ಮೊದಲ ಸಾಲಿನಲ್ಲೇ ನೆಟ್‌ಸ್ಕೇಪ್ ಹೆಸರು ಕಾಣುತ್ತದೆ. 2008ರ ಮಾರ್ಚಿನಲ್ಲಿ ಕಣ್ಣು ಮುಚ್ಚಿದ ಬ್ರೌಸರ್‌ನ ನಮೂನೆಯಲ್ಲೇ ಇಂದಿನ ಕ್ರೋಮ್ ಕೂಡ ತನ್ನ ಪಟ್ಟಿ ಬರೆದುಕೊಡುತ್ತದೆ. ಬದಲಾವಣೆಯ ಹಬ್ಬದಲ್ಲಿ ಬದಲಾಗದೆ ಉಳಿದದ್ದು ಈ ಒಂದು ಸಾಲು. ಪಟ್ಟಿಯ ಒಳಗೆ ‘ಕ್ರೋಮ್‌ನಿಂದ ತಂದದ್ದು’ ಎಂಬ ಫೋಲ್ಡರ್, ಅದರೊಳಗೆ ‘ಫೈರ್‌ಫಾಕ್ಸ್‌ನಿಂದ ತಂದದ್ದು’, ಅದರೊಳಗೆ ಇನ್ನೊಂದು. ತೀರಾ ಒಳಗೆ ಇಳಿದರೆ ಮಗನ ಎಸ್‌ಎಸ್‌ಎಲ್‌ಸಿ ಫಲಿತಾಂಶದ ಪುಟ, ಮುಚ್ಚಿಹೋದ ಒಂದು ಇ-ಮೇಲ್ ಸೇವೆ, ಚಪಾತಿ ಮೃದುವಾಗಿ ಬರಲು ಏನು ಮಾಡಬೇಕು ಎಂಬ ಲೇಖನ. ಚಪಾತಿ ಇನ್ನೂ ಮೃದುವಾಗಿಲ್ಲ.

ಸಂಜೆಯ ಹೊತ್ತಿಗೆ ಡೀಫಾಲ್ಟ್ ಬ್ರೌಸರ್ ಯಾವುದೆಂದು ಘೋಷಿಸುವ ಕೆಲಸ ಬಾಕಿ ಇರುತ್ತದೆ. 2021ರಲ್ಲಿ ವಿಂಡೋಸ್ 11 ಬಂದ ಹೊಸತರಲ್ಲಿ ಇದಕ್ಕೆ ಒಂದು ಗುಂಡಿ ಇರಲಿಲ್ಲ. ಎಚ್‌ಟಿಎಂ, ಎಚ್‌ಟಿಎಂಎಲ್, ಎಚ್‌ಟಿಟಿಪಿ, ಎಚ್‌ಟಿಟಿಪಿಎಸ್ ಎಂದು ಒಂದೊಂದಕ್ಕೂ ಬೇರೆ ಬೇರೆಯಾಗಿ ಹೇಳಬೇಕಿತ್ತು. ಜನ ಗೊಣಗಿದ ಮೇಲೆ 2022ರ ಮಾರ್ಚಿನಲ್ಲಿ ಗುಂಡಿ ಬಂತು. ಯುರೋಪಿನವರು ಈ ವಿಷಯದಲ್ಲಿ ಇನ್ನೂ ಸುಖಿಗಳು: ಅಲ್ಲಿನ ಆಯೋಗದ ಒತ್ತಡದಿಂದ 2010ರಿಂದ ಕೆಲವು ವರ್ಷ ವಿಂಡೋಸ್ ತಾನೇ ಬ್ರೌಸರ್‌ಗಳ ಪಟ್ಟಿ ಮುಂದಿಟ್ಟು ‘ಯಾವುದು ಬೇಕು’ ಎಂದು ಕೇಳುತ್ತಿತ್ತು. ನಡುವೆ ಹಲವರಿಗೆ ಪಟ್ಟಿ ತೋರಿಸದೆ ಬಿಟ್ಟದ್ದಕ್ಕೆ ಮೈಕ್ರೋಸಾಫ್ಟ್‌ಗೆ 2013ರಲ್ಲಿ 56.1 ಕೋಟಿ ಯೂರೋ ದಂಡ ಬಿತ್ತು. ನಮ್ಮ ಯಜಮಾನರನ್ನು ಯಾವ ಸರ್ಕಾರವೂ ಕೇಳಲಿಲ್ಲ. ಅವರು ಸ್ವಂತ ಖರ್ಚಿನಲ್ಲಿ ಬದಲಾದವರು.

ಇಷ್ಟು ಶ್ರಮದ ನಂತರ ಬದಲಾದದ್ದೇನು ಎಂಬುದು ಸ್ವಲ್ಪ ಮುಜುಗರದ ವಿಷಯ. ಒಪೆರಾ 2013ರಲ್ಲಿ ತನ್ನ ಸ್ವಂತ ಎಂಜಿನ್ ಬಿಟ್ಟು ಕ್ರೋಮ್‌ನ ಬುನಾದಿಯಾದ ಕ್ರೋಮಿಯಂ ಕಡೆಗೆ ಬಂತು. ಎಡ್ಜ್ 2020ರ ಜನವರಿಯಲ್ಲಿ ಅದೇ ದಾರಿ ಹಿಡಿಯಿತು. ಬ್ರೇವ್, ವಿವಾಲ್ಡಿ ಕೂಡ ಅದರ ಮೇಲೆಯೇ ನಿಂತಿವೆ. ಕ್ರೋಮ್ ಬಿಟ್ಟು ಎಡ್ಜ್‌ಗೆ, ಅಲ್ಲಿಂದ ಒಪೆರಾಗೆ, ಅಲ್ಲಿಂದ ಬ್ರೇವ್‌ಗೆ ಪಯಣಿಸಿದ ಯಜಮಾನರು ಪುಟ ಬಿಡಿಸುವ ಯಂತ್ರದ ಮಟ್ಟಿಗೆ ಹೊರಟ ಜಾಗದಿಂದ ಅಲುಗಾಡಿಲ್ಲ. ವಿಂಡೋಸ್ ಇರುವ ಮನೆಯಲ್ಲಿ ಬೇರೆ ಎಂಜಿನ್ ಬೇಕೆಂದರೆ ಸುಲಭಕ್ಕೆ ಸಿಗುವುದು ಫೈರ್‌ಫಾಕ್ಸ್. ಸಾಲದ್ದಕ್ಕೆ ಈ ಎಲ್ಲ ಬ್ರೌಸರ್‌ಗಳೂ ತಾಣದ ಬಾಗಿಲಲ್ಲಿ ಪರಿಚಯ ಹೇಳಿಕೊಳ್ಳುವಾಗ ‘ಮೊಜಿಲ್ಲಾ 5.0’ ಎಂದೇ ಶುರು ಮಾಡುತ್ತವೆ. ಹಿಂದೆ ನೆಟ್‌ಸ್ಕೇಪ್‌ಗೆ ಸಿಗುತ್ತಿದ್ದ ಮರ್ಯಾದೆ ತಮಗೂ ಸಿಗಲಿ ಎಂದು ಉಳಿದವು ಆ ಹೆಸರು ಹೇಳಿಕೊಳ್ಳತೊಡಗಿದ್ದು, ಇಂದಿಗೂ ಬಿಟ್ಟಿಲ್ಲ. ಇದನ್ನು ಯಜಮಾನರಿಗೆ ತಿಳಿಸಿದರೆ ಒಂದು ಕ್ಷಣ ಸುಮ್ಮನಿದ್ದು, ‘ಆದರೂ ಇದರ ಲುಕ್ ಬೇರೆ ಇದೆ’ ಎನ್ನುತ್ತಾರೆ. ಅದು ನಿಜ.

ಈಚಿನ ವರ್ಷಗಳಲ್ಲಿ ಸ್ಲೋ ಎಂಬ ಕಾರಣದ ಜೊತೆಗೆ ‘ಪ್ರೈವೆಸಿ’ ಸೇರಿದೆ. ಮೂಲ ಒಂದು ವಾಟ್ಸ್‌ಆ್ಯಪ್ ಫಾರ್ವರ್ಡ್. ಕ್ರೋಮ್ ನಮ್ಮನ್ನೆಲ್ಲ ಗಮನಿಸುತ್ತಿದೆ ಎಂದು ಓದಿದ ರಾತ್ರಿ ಯಜಮಾನರು ಗುಟ್ಟು ಕಾಯುವ ಬ್ರೌಸರ್ ಹಾಕುತ್ತಾರೆ. ಹಾಕಿದ ಕೂಡಲೇ ಜಿಮೇಲ್, ಫೇಸ್‌ಬುಕ್, ಯೂಟ್ಯೂಬ್ ಮೂರಕ್ಕೂ ಲಾಗಿನ್ ಆಗಿ, ತಾವು ಯಾರು, ಈಗ ಎಲ್ಲಿದ್ದೇವೆ ಎಂದು ತಾವೇ ತಿಳಿಸುತ್ತಾರೆ. ಇನ್‌ಕಾಗ್ನಿಟೊ ಕಿಟಕಿಯ ಬಗ್ಗೆಯೂ ಇವರದು ದೊಡ್ಡ ನಂಬಿಕೆ. ಆ ಕಿಟಕಿ ಮುಚ್ಚಿದಾಗ ಅಳಿಸುವುದು ಮನೆಯ ಕಂಪ್ಯೂಟರಿನಲ್ಲಿ ಉಳಿಯುವ ಜಾಡನ್ನು ಮಾತ್ರ. ಭೇಟಿ ಕೊಟ್ಟ ತಾಣಕ್ಕೂ ನೆಟ್ ಕೊಡುವ ಕಂಪನಿಗೂ ಕಾಣುವುದು ಕಾಣುತ್ತಲೇ ಇರುತ್ತದೆ. ಅಂದರೆ ಅದು ಗುಟ್ಟು ಕಾಯುವುದು ಹೆಂಡತಿ ಮಕ್ಕಳಿಂದ. ಯಜಮಾನರು ಅದರಲ್ಲಿ ನೋಡುವುದು ಷೇರು ದರ ಮತ್ತು ಮಂಡಿ ನೋವಿನ ಮನೆಮದ್ದು. ನ್ಯಾಯ ತಪ್ಪದೆ ಹೇಳಬೇಕೆಂದರೆ ಈ ಗುಂಪಿನಲ್ಲಿ ಒಂದು ಸಣ್ಣ ಪಂಗಡದ ದೂರು ಗಟ್ಟಿಯಾದದ್ದು. ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್ ಎಕ್ಸ್‌ಟೆನ್ಷನ್ ಕ್ರೋಮ್‌ನ ಹೊಸ ನಿಯಮಗಳಿಂದಾಗಿ 2024ರಿಂದೀಚೆಗೆ ಅಲ್ಲಿ ನಿಂತುಹೋಯಿತು, ಫೈರ್‌ಫಾಕ್ಸ್‌ನಲ್ಲಿ ನಡೆಯುತ್ತಿದೆ. ಅದಕ್ಕಾಗಿ ಬದಲಾದವರನ್ನು ಈ ಚಿತ್ರದಲ್ಲಿ ಸೇರಿಸಬಾರದು.

ಬದಲಾವಣೆಯ ಫಲ ಉಣ್ಣುವವರು ಮನೆಯವರು. ಸೋಮವಾರ ಬೆಳಿಗ್ಗೆ ಯಜಮಾನತಿ ಕರೆಂಟ್ ಬಿಲ್ ಕಟ್ಟಲು ಕೂರುತ್ತಾರೆ.

‘ರೀ, ನಿನ್ನೆವರೆಗೂ ತಾನಾಗೇ ಓಪನ್ ಆಗ್ತಿತ್ತಲ್ಲ, ಈಗ್ಯಾಕೆ ಪಾಸ್‌ವರ್ಡ್ ಕೇಳ್ತಿದೆ?’

‘ಇದು ತುಂಬಾ ಸೇಫ್ ಕಣೇ. ಯಾರೂ ಒಳಗೆ ಬರೋಕೆ ಆಗಲ್ಲ.’

‘ಹೂಂ, ನನಗೂ ಆಗ್ತಿಲ್ಲ.’

ಪಾಸ್‌ವರ್ಡ್ ಎಲ್‌ಐಸಿ ಡೈರಿಯ ಕೊನೆಯ ಪುಟದಲ್ಲಿದೆ, ಆದರೆ ಯಾವ ವರ್ಷದ ಡೈರಿ ಎಂಬುದು ನೆನಪಿಲ್ಲ. ಮರೆತಿದ್ದೇನೆ ಎಂಬ ಸಾಲನ್ನು ಒತ್ತಿದರೆ ಓಟಿಪಿ ಹೋಗುತ್ತದೆ. ಹೋಗುವುದು ಖಾತೆ ತೆರೆದಾಗ ಕೊಟ್ಟಿದ್ದ ಮಗನ ನಂಬರಿಗೆ. ಮಗ ಟೆಕ್ಸಾಸಿನಲ್ಲಿದ್ದಾನೆ, ಇಲ್ಲಿ ಬೆಳಿಗ್ಗೆ ಹನ್ನೊಂದಾದರೆ ಅಲ್ಲಿ ನಡುರಾತ್ರಿ. ಹೇಗೋ ಒಳಗೆ ಹೋದರೂ, ಹಣ ಕಟ್ಟುವ ಬ್ಯಾಂಕಿನ ಕಿಟಕಿಯನ್ನು ಹೊಸ ಬ್ರೌಸರ್ ಜಾಹೀರಾತೆಂದು ತಿಳಿದು ತಡೆದುಬಿಡುತ್ತದೆ. ಯಜಮಾನತಿ ಎದ್ದು ಹೋಗಿ ಮೊಬೈಲಿನಲ್ಲಿ ಯುಪಿಐ ಮೂಲಕ ಕಟ್ಟಿ ಮುಗಿಸುತ್ತಾರೆ. ಅವರ ಮೊಬೈಲಿನಲ್ಲಿ ಇರುವುದು ಕೊಂಡಾಗ ಬಂದಿದ್ದ ಬ್ರೌಸರ್. ಅದರ ಹೆಸರೇನೆಂದು ಅವರಿಗೆ ಗೊತ್ತಿಲ್ಲ, ಬೇಕಾಗಿಯೂ ಇಲ್ಲ.

ಈ ಯಜಮಾನರಿಂದ ಸಮಾಜಕ್ಕೆ ಹೇಳಿಕೊಳ್ಳುವಂಥ ಹಾನಿ ಇಲ್ಲ. ಎರಡು ತಿಂಗಳಲ್ಲಿ ಹೊಸದೂ ಸ್ಲೋ ಆಗುತ್ತದೆ, ಅವರು ಮುಂದಕ್ಕೆ ಹೋಗುತ್ತಾರೆ. ಬಿಟ್ಟಿ ಸಿಗುವ, ಯಾರ ಮೈಗೂ ಬಡಿಯದ ಹವ್ಯಾಸ. ಬಿಡಿಸುವ ಪ್ರಯತ್ನ ದಂಡ. ಆದರೆ ಒಂದು ವಿಷಯದಲ್ಲಿ ಮನೆಯವರು ಸುಮ್ಮನಿರಬಾರದು. ಪಾಸ್‌ವರ್ಡ್‌ಗಳನ್ನು ಸಾಗಿಸಲು ಅವರು ಮಾಡಿಕೊಂಡ ಸಿಎಸ್‌ವಿ ಫೈಲ್ ಡೆಸ್ಕ್‌ಟಾಪ್ ಮೇಲೇ ಉಳಿದಿರುತ್ತದೆ. ಎಕ್ಸೆಲ್‌ನಲ್ಲಿ ತೆರೆದರೆ ಒಂದು ಕಾಲಂನಲ್ಲಿ ತಾಣದ ವಿಳಾಸ, ಪಕ್ಕದಲ್ಲಿ ಯೂಸರ್ ನೇಮ್, ಅದರ ಪಕ್ಕದಲ್ಲಿ ಪಾಸ್‌ವರ್ಡ್, ಬ್ಯಾಂಕಿನದೂ ಸೇರಿ, ಯಾವ ಬೀಗವೂ ಇಲ್ಲದೆ ಅಚ್ಚುಕಟ್ಟಾಗಿ ಓದಲು ಸಿಗುತ್ತವೆ. ಅಂಥ ಫೈಲ್ ಕಂಡರೆ ಯಜಮಾನರ ಒಪ್ಪಿಗೆಗೆ ಕಾಯದೆ ಅಳಿಸಿ; ರೀಸೈಕಲ್ ಬಿನ್ನನ್ನೂ ಖಾಲಿ ಮಾಡಿ.