ಗಾಳಿಗೆ ತೂರಿದ ಮಾನ

ಕರ್ನಾಟಕಕ್ಕೆ 300 ಕಿಲೋಮೀಟರಿಗೂ ಹೆಚ್ಚು ಕಡಲತೀರ ಇದೆ ಎಂದು ಸೌತಾಂಪ್ಟನ್ನಿನ ಆಫೀಸಿನಲ್ಲಿ ಒಮ್ಮೆ ಜಂಬ ಕೊಚ್ಚಿದ್ದೆ. ನಾನು ಚಳ್ಳಕೆರೆಯವನು, ಸಮುದ್ರಕ್ಕಿಳಿದದ್ದು ಶಾಲಾ ಪ್ರವಾಸದಲ್ಲಿ ಮಲ್ಪೆಗೆ ಹೋದಾಗ, ಅದೂ ಪ್ಯಾಂಟನ್ನು ಮೊಣಕಾಲಿಗೆ ಮಡಚಿಕೊಂಡು ಎಂಬ ವಿವರವನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೀಗಾಗಿ, ಹಳೇ ಮರದ ದೋಣಿಯೊಂದನ್ನು ಸಾಕಿಕೊಂಡಿದ್ದ ಹಿರಿಯರೊಬ್ಬರು, ಸೋಲೆಂಟ್ ಜಲಸಂಧಿಯ ರೇಸಿಗೆ ಕೈಯಾಳು ಬೇಕಾದಾಗ ಕಡಲ ಮಗನೆಂದು ನನ್ನನ್ನೇ ಕರೆದರು.

ಅದು ಗ್ಯಾಫ್ ರಿಗ್ ದೋಣಿ. ಹಾಯಿಗೆ ಮೂರರ ಬದಲು ನಾಲ್ಕು ಮೂಲೆ, ಮೇಲಂಚಿಗೆ ಗ್ಯಾಫ್ ಎಂಬ ಮರದ ತೊಲೆ. ಅದನ್ನೇರಿಸಲು ಎರಡು ಹಗ್ಗ: ಕಂಬದ ಕಡೆಗೆ ಥ್ರೋಟ್, ಹೊರತುದಿಗೆ ಪೀಕ್. ಎರಡನ್ನೂ ಸಮಸಮ ಎಳೆಯಬೇಕು. ನಾನು ಉತ್ಸಾಹದಲ್ಲಿ ಪೀಕ್ ಒಂದನ್ನೇ ಎಳೆದೆ. ತೊಲೆ ಆಕಾಶಕ್ಕೆ ಬೆರಳು ತೋರಿಸುತ್ತ ನಿಂತಿತು, ಹಾಯಿ ನನ್ನ ತಲೆಯ ಮೇಲೆ ಕವಿಯಿತು. ರೇಸಿನ ಗನ್ ನನಗೆ ಕೇಳಿಸಿದ್ದು ಕೆಂಪು ಕ್ಯಾನ್ವಾಸಿನ ಒಳಗೆ.

"ಹೆದರಬೇಡಿ, 1931ರಲ್ಲಿ ವೈಟ್ ದ್ವೀಪ ಸುತ್ತುವ ಮೊದಲ ರೇಸನ್ನು ಗೆದ್ದದ್ದು 22 ಅಡಿಯ ಮೀನು ಹಿಡಿಯುವ ದೋಣಿ" ಎಂದು ಕ್ಯಾಪ್ಟನ್ ಧೈರ್ಯ ತುಂಬಿದರು. ಆ ಮೀನುದೋಣಿಗೆ ಅಡ್ಡಬಂದವರು ಎಷ್ಟು ಜನವೋ. ನಮ್ಮೆದುರು ಮಾತ್ರ ಕಾರು ತುಂಬಿದ ಫೆರಿಗಳು, ಸೌತಾಂಪ್ಟನ್ ಬಂದರಿಗೆ ಬರುವ ಕಂಟೇನರ್ ಹಡಗುಗಳು, ಬೇರೆಬೇರೆ ರೇಸುಗಳಲ್ಲಿದ್ದ ನೂರಾರು ಬಿಳಿ ಹಾಯಿಗಳು. ಅವರೆಲ್ಲ ಗಾಳಿಗೆದುರಾಗಿ ಚೂಪಾಗಿ ಏರುತ್ತಿದ್ದರು. ನಾವು ಗಾಳಿಯ ಜೊತೆ ಚೌಕಾಸಿ ಮಾಡುತ್ತ ಅಡ್ಡಡ್ಡ ಹೋಗುತ್ತಿದ್ದೆವು.

ಸಮೀಪ ಬಂದವರೆಲ್ಲ "ಸ್ಟಾರ್‌ಬೋರ್ಡ್!" ಎಂದು ಕೂಗುತ್ತಿದ್ದರು. ಇಲ್ಲಿಯ ನಮಸ್ಕಾರ ಇರಬೇಕೆಂದುಕೊಂಡೆ. ಇಂಗ್ಲಿಷರು ಅಪರಿಚಿತರನ್ನು ಇಷ್ಟು ಬಾಯಿತುಂಬ ಮಾತಾಡಿಸುವುದು ಅಪರೂಪವಲ್ಲವೆ? ಮುಂದೆ ಸಿಕ್ಕ ಕಪ್ಪು ರೇಸಿಂಗ್ ದೋಣಿಗೆ ನಾನೂ ಕೈಯೆತ್ತಿ "ಸ್ಟಾರ್‌ಬೋರ್ಡ್!" ಎಂದೆ. ಅವರು ಗಾಬರಿಬಿದ್ದು ದೋಣಿ ಹೊರಳಿಸಿದರು; ಹನ್ನೆರಡು ಮಂದಿ ಹನ್ನೆರಡು ದಿಕ್ಕಿಗೆ ಉರುಳಿದರು. ಬಲಗಡೆಯಿಂದ ಗಾಳಿ ಪಡೆದ ದೋಣಿಗೆ ಎಡಗಡೆಯಿಂದ ಪಡೆದದ್ದು ದಾರಿ ಬಿಡಬೇಕು. ಆ ಕೂಗು ಬಲದವರ ಹಕ್ಕು. ನಮ್ಮದು ಎಡ.

ಶಿಕ್ಷೆ: ಅಲ್ಲೇ ಎರಡು ಪೂರ್ತಿ ಸುತ್ತು. ಸಂತೆಯ ದಿನ ಚಳ್ಳಕೆರೆ ಪೇಟೆಬೀದಿಯಲ್ಲಿ ಹುಲ್ಲಿನ ಗಾಡಿಗೆ ಗಿರಕಿ ಹೊಡೆಸಿದಂತಾಯಿತು. ಮೂತಿಯ ಮುಂದೆ ಚಾಚಿದ್ದ ಬೌಸ್ಪ್ರಿಟ್ ಮರ ಸುತ್ತಲಿನವರನ್ನೆಲ್ಲ ಒಮ್ಮೊಮ್ಮೆ ವಿಚಾರಿಸಿಕೊಂಡಿತು. ಎರಡನೇ ಸುತ್ತಿನ ನಡುವೆ ಕಂಟೇನರ್ ಹಡಗು ಬಂತು. 150 ಮೀಟರಿಗಿಂತ ಉದ್ದದ ಹಡಗಿನ ಮುಂದೆ 1000 ಮೀಟರ್ ನೀರು ಖಾಲಿ ಬಿಡಬೇಕೆಂಬುದು ಇಲ್ಲಿನ ಕಾನೂನು. ನಾವು ಆ ಖಾಲಿಯಲ್ಲಿ ತಿರುಗುತ್ತಿದ್ದೆವು. ಹಡಗು ಐದು ಸಲ ಚಿಕ್ಕದಾಗಿ ಹಾರನ್ ಹೊಡೆಯಿತು.

"ಅಂದರೇನು ಸರ್?"

"ನಿಮ್ಮ ಉದ್ದೇಶ ನಮಗೆ ತಿಳಿಯುತ್ತಿಲ್ಲ ಅಂತ."

"ನಮಗೆ ತಿಳೀತಿದೆಯೇ?"

ಕ್ಯಾಪ್ಟನ್ ಉತ್ತರಿಸದೆ ಚುಕ್ಕಾಣಿ ತಿರುವಿದರು. ಹಡಗಿನಿಂದ ಪಾರಾದೆವು, ಬ್ರ್ಯಾಂಬಲ್ ದಿಬ್ಬದ ಮರಳಿಗೆ ಸಿಕ್ಕಿಬಿದ್ದೆವು. ಇಳಿತದ ಹೊತ್ತು, ದೋಣಿ ನಿಧಾನವಾಗಿ ಮಗ್ಗುಲಾಯಿತು. ವರ್ಷಕ್ಕೊಮ್ಮೆ ನೀರು ತೀರಾ ಇಳಿದಾಗ ಇದೇ ದಿಬ್ಬದ ಮೇಲೆ ಕ್ರಿಕೆಟ್ ಆಡುತ್ತಾರೆ, 2008ರಲ್ಲಿ ಕ್ವೀನ್ ಎಲಿಜಬೆತ್ 2 ಹಡಗೇ ಇಲ್ಲಿ ಕೂತಿತ್ತು ಎಂದು ಕ್ಯಾಪ್ಟನ್ ಸ್ಥಳಪುರಾಣ ಹೇಳುತ್ತ ಚಹಾಕ್ಕಿಟ್ಟರು. ಒಲೆಯನ್ನು ತೂಗುವಂತೆ ಜೋಡಿಸಿದ್ದರಿಂದ, ಇಡೀ ದೋಣಿಯಲ್ಲಿ ನೆಟ್ಟಗಿದ್ದದ್ದು ಅದೊಂದೇ.

ಗಸ್ತಿನ ಮೋಟಾರು ದೋಣಿಯೊಂದು ದೂರದಲ್ಲಿ ನಿಂತು, ಏನಾದರೂ ನೆರವು ಬೇಕೇ ಎಂದು ಕೂಗಿ ಕೇಳಿತು. ಕ್ಯಾಪ್ಟನ್ ಒಂದು ಕೈಯಲ್ಲಿ ಕಂಬ ಅಪ್ಪಿಕೊಂಡು, ಇನ್ನೊಂದು ಕೈಯ ಕಪ್ ಎತ್ತಿ ಹೇಳಿದರು: "ಏನೂ ತೊಂದರೆಯಿಲ್ಲ. ಹಾಲಿದ್ದರೆ ಸ್ವಲ್ಪ ಕೊಡಿ."